ಮೇಜಿನ ಕೆಳಗಿನ ಲಾಸ್ಯಾ

"ದನ ಕಾಯೋಕ್ಕೂ ನಾಲಾಯಕ್ಕಪ್ಪಾ ನೀನು. ನಿನ್ನನ್ನ ಮೇಷ್ಟ್ರಾಗು ಅಂತ ಯಾರಪ್ಪಾ ಹೇಳಿದ್ದು?"

ರತ್ನಾ ಮೇಡಂ ಈ ಮಾತನ್ನು ಹೇಳಿದ್ದು ತರಗತಿಯ ನಟ್ಟನಡುವೆ, ಮುಖದ ತುಂಬ ನಗು ಇಟ್ಟುಕೊಂಡು, ಜೋಗುಳದಂಥ ದನಿಯಲ್ಲಿ. ಕನ್ನಡದಲ್ಲಿ ಹೇಳಿದ್ದರಿಂದ ಮ್ಯಾಟಿನ ಮೇಲೆ ಕೂತಿದ್ದ ಮಕ್ಕಳಿಗೆ ಒಂದಕ್ಷರವೂ ತಿಳಿಯಲಿಲ್ಲ. ನಗು ಕಂಡಿತು, ದನಿ ಕೇಳಿಸಿತು. ಹೊಸ ಮೇಷ್ಟ್ರನ್ನು ಹೊಗಳಿದರೆಂದುಕೊಂಡು ಚಪ್ಪಾಳೆ ತಟ್ಟಿಬಿಟ್ಟವು. ಒಂದೆರಡು "ಕಾ ಪೈ!" ಎಂದು ಮಾವೊರಿಯಲ್ಲಿ ಶಹಬ್ಬಾಸ್ ಕೂಡ ಹೇಳಿದವು. ಹಿಂದೆ ಕುರ್ಚಿ ಹಾಕಿಕೊಂಡು ನೋಡುತ್ತಿದ್ದ ಉಳಿದ ಟ್ರೈನಿ ಟೀಚರುಗಳೂ ತಟ್ಟಿದರು.

ಸಂಕೇತನ ಕಿವಿ ಕಾದುಹೋಯಿತು.

ಪ್ರೈಮರಿ ಟೀಚರುಗಳಿಗೆ ಮಕ್ಕಳನ್ನು ಹದ್ದುಬಸ್ತಿನಲ್ಲಿಡುವುದು ಹೇಗೆಂದು ಕಲಿಸುವುದೇ ಮೇಡಂ ಉದ್ಯೋಗ. ಮೈಸೂರಿನವರು. ಆಕ್ಲೆಂಡಿನ ಶಾಲೆಗಳಲ್ಲಿ ದೊಡ್ಡ ಹೆಸರು. ದನಿ ಏರಬಾರದು, ನಗು ಇಳಿಯಬಾರದು ಎಂಬುದು ಅವರ ಮೊದಲ ಪಾಠ. ಹಠದ ಮಗು ಕೈ ಎತ್ತಿ ಕೇಳುವವರೆಗೆ ನಿಮಗೆ ಕಣ್ಣೂ ಇಲ್ಲ, ಕಿವಿಯೂ ಇಲ್ಲ ಎಂಬುದು ಎರಡನೆಯದು. ಗದಗಿನಿಂದ ಓದಲು ಬಂದ ಸಂಕೇತ ಪಾಸಾಗುವುದು ಬಿಡುವುದು ಅವರ ಕೈಯಲ್ಲಿತ್ತು. ಪಾಸಾದರೆ ಕೆಲಸ, ಕೆಲಸ ಸಿಕ್ಕರೆ ವೀಸಾ. ಇಲ್ಲದಿದ್ದರೆ ಗಂಟುಮೂಟೆ.

ಅವನು ಮಾಡಿದ ಘನಂದಾರಿ ತಪ್ಪಾದರೂ ಏನು? ಲಾಸ್ಯಾಳ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ, ಅಷ್ಟೆ.

ಏಳು ವರ್ಷದ ಹುಡುಗಿ. ತಾಯಿ ಸ್ಮೃತಿ, ನರ್ಸು, ೨೦೧೪ರ ಕ್ರಿಸ್‌ಮಸ್ ರಜೆಯಲ್ಲಿ ತೀರಿಕೊಂಡಿದ್ದಳು. ರಜೆ ಮುಗಿಸಿ ಬಂದ ಲಾಸ್ಯಾ ಬಾಟನಿ ಡೌನ್ಸ್ ಬಡಾವಣೆಯ ಈ ಶಾಲೆಯಲ್ಲಿ ಒಬ್ಬರ ಜೊತೆಗೂ ಮಾತಾಡಿರಲಿಲ್ಲ. ಬಂದವಳೇ ಮೇಜಿನ ಕೆಳಗೆ ಸೇರಿ ಗೋಡೆಗೆ ಮುಖ ಮಾಡಿ ಕೂರುವಳು. ಈಗ ಜೂನ್, ಇಲ್ಲಿ ಚಳಿಗಾಲ, ಸಾಲದ್ದಕ್ಕೆ ಬರಿಗಾಲು. ಸಂಕೇತ ತಡೆಯಲಾರದೆ ಕೈ ಚಾಚಿ, "ಬಾರವ್ವಾ, ನೆಲ ಥಣ್ಣಗೈತಿ" ಎಂದಿದ್ದ. ಹುಡುಗಿ ತೆವಳಿಕೊಂಡು ಬಂದು ಅವನ ಅಂಗಿಯ ತುದಿ ಹಿಡಿದಿತ್ತು.

"ಮೇಡಂ, ಆಕಿ ಹೊರಗ ಬಂದಾಳಲ್ರೀ," ಎಂದ ಮೆಲ್ಲಗೆ.

"ಕೈ ಚಾಚಿದ್ರೆ ನಾಯಿಮರಿನೂ ಬರತ್ತೆ. ಅಮ್ಮ ಸತ್ತಳು ಅಂತ ಎಷ್ಟು ತಿಂಗಳಪ್ಪಾ ಈ ನಾಟಕ? ನೀನು ತಾಳ ಹಾಕು, ಅದು ಕುಣೀಲಿ." ನಗು ಒಂದೆಳೆಯೂ ಮಾಸಲಿಲ್ಲ.

"ಸಾವಕಾಶ್ರೀ ಮೇಡಂ. ಆಕಿಗೆ ಕನ್ನಡ ತಿಳೀತೈತ್ರಿ."

"ಅಯ್ಯೋ, ಇಲ್ಲಿ ಹುಟ್ಟಿದ್ದಕ್ಕೆ ಏನು ತಿಳಿಯತ್ತೆ? ನನ್ನ ಮಕ್ಕಳಿಗೇ ತಿಳಿಯಲ್ಲ. ನೋಡು, ಮುಂದಿನ ವಾರ ಟ್ರೈನಿಂಗ್ ಮುಗಿಸಿ ನೀನು ಈ ಶಾಲೆಯಿಂದ ಹೊರಟುಹೋಗ್ತೀಯ. ಆಮೇಲೆ ಇದರ ಮುಂದೆ ದಿನಾ ಯಾರು ಬಗ್ತಾರೆ? ಸುಮ್ಮನೆ ಆಚೆ ಟೇಬಲ್‌ಗೆ ನಡಿ. ಅದು ಕೈ ಎತ್ತೋಕ್ಕೆ ಮುಂಚೆ ತಿರುಗಿ ನೋಡಿದ್ಯೋ, ಫೇಲು."

ಅಂಗಿಯ ತುದಿ ಸಡಿಲಾಯಿತು. ಲಾಸ್ಯಾ ಅವನ ಮುಖವನ್ನೇ ನೋಡುತ್ತಿದ್ದಳು. ಅವನೀಗ ಏನೋ ಒಂದು ಹೇಳುತ್ತಾನೆ ಎಂದು ಕಾಯುವ ನೋಟ. ಈ ಹೆಂಗಸಿನ ಮುಖಕ್ಕೆ ಹೊಡೆದಂತೆ ಹೇಳಬಹುದಾದ ನೂರು ಮಾತು ಗದಗಿನ ಓಣಿಯಲ್ಲಿ ಕಲಿತಿದ್ದ. ಆದರೆ ವೀಸಾ ನೆನಪಾಯಿತು. ಬಾಯಿ ತಂತಾನೇ ಅಗಲವಾಯಿತು. ಸಂಕೇತ ನಕ್ಕ, ಮೇಡಂ ಕಲಿಸಿದ ಹಾಗೆಯೇ.

ಲಾಸ್ಯಾ ಆ ನಗುವನ್ನು ಕಂಡಳು. ತಿರುಗಿ ಮೇಜಿನ ಕೆಳಗೆ ಹೋದಳು.

ಮೇಡಂ ಬಾಗಿಲ ಬಳಿ ಸರಿದು ಕೈಕಟ್ಟಿ ನಿಂತರು. ಸಂಕೇತ ಎದ್ದು ನಾಲ್ಕು ಹೆಜ್ಜೆ ಇಟ್ಟಿರಬೇಕು. ಹಿಂದಿನಿಂದ ಒಂದು ದನಿ ಬಂತು. ಬಹಳ ದಿನ ಬಳಸದೆ ತುಕ್ಕು ಹಿಡಿದ ದನಿ, ಅವನ ಬೆನ್ನಿಗೆ ಮುಟ್ಟುವಷ್ಟೇ ಮೆಲ್ಲಗೆ.

"ಅಂಕಲ್... ನಾನು ನಾಟಕ ಮಾಡ್ತಿಲ್ಲ. ಹೇಳಿ ಅವ್ರಿಗೆ."

ಕನ್ನಡ. ಅಮ್ಮನಿಂದ ಕಲಿತದ್ದು.

ಎದುರಿನ ಕಿಟಕಿಯ ಗಾಜಿನಲ್ಲಿ ಅವಳು ಕಾಣುತ್ತಿದ್ದಳು. ಎರಡೂ ಕೈ ಮಡಿಲಲ್ಲೇ ಇದ್ದವು, ಎತ್ತಿರಲಿಲ್ಲ. ಬಾಗಿಲ ಬಳಿಯ ಕಣ್ಣು ಅವನನ್ನೇ ಕಾಯುತ್ತಿತ್ತು.

"ಅಂಕಲ್?"

ಸಂಕೇತ ಆಚೆ ಟೇಬಲ್ಲಿಗೆ ನಡೆದ.