ಭಾರ ಬಿಸಾಕಲು ಬಾರದವನು

ರಾಡು ಎದೆಯ ಮಟ್ಟಕ್ಕೆ ಬಂದ ಕೂಡಲೇ ನನ್ನ ಬಲಗಾಲು ಓಡಿಹೋಗುತ್ತಿತ್ತು. ನಾನು ಓಡಿಸುತ್ತಿರಲಿಲ್ಲ, ಅದೇ ಓಡುತ್ತಿತ್ತು.

ವೇಟ್‌ಲಿಫ್ಟಿಂಗ್‌ನಲ್ಲಿ ಸ್ನ್ಯಾಚ್ ಎಂದರೆ ನೆಲದ ಮೇಲಿನ, ಪ್ಲೇಟು ಹೇರಿದ ರಾಡನ್ನು ಒಂದೇ ಎಳೆತಕ್ಕೆ ತಲೆಯ ಮೇಲೆ ಒಯ್ಯುವುದು. ಎಳೆಯುವುದು ಅರ್ಧ ಕೆಲಸ. ರಾಡು ಮೇಲೇರುತ್ತಿರುವಾಗಲೇ ಅದರ ಕೆಳಗೆ ನುಗ್ಗಿ ಕುಕ್ಕರಗಾಲಲ್ಲಿ ಕೂತು, ಎರಡೂ ಕೈ ನೆಟ್ಟಗೆ ಮಾಡಿ ಹಿಡಿದು, ಆಮೇಲೆ ಎದ್ದು ನಿಲ್ಲುವುದು ಇನ್ನರ್ಧ. ಎಳೆಯುವುದರಲ್ಲಿ ಅವಲಪಲ್ಲಿಯ ನಮ್ಮ ತಗಡಿನ ಶೆಡ್ಡಿನೊಳಗೆ ನನ್ನನ್ನು ಮೀರಿಸುವವನು ಯಾವನೂ ಇರಲಿಲ್ಲ. ಎಂಬತ್ತು ಕಿಲೋವನ್ನು ಕೂರದೆ ನಿಂತೇ ಎತ್ತಿಬಿಡುತ್ತಿದ್ದೆ. ತೊಂಬತ್ತು ಹಾಕಿದರೆ ಕೂರಲೇಬೇಕು. ಕೂರಬೇಕಾದ ಹೊತ್ತಿಗೆ ಸರಿಯಾಗಿ ಕಾಲು ಹಿಂದಕ್ಕೆ ಜಿಗಿಯುತ್ತಿತ್ತು. ರಾಡು ಮುಂದಕ್ಕೆ ವಾಲುತ್ತಿತ್ತು. ಅದನ್ನು ತೊಡೆಯ ಮೇಲೆ ತಡೆದು, ಹಲ್ಲು ಕಚ್ಚಿ, ನೆಲಕ್ಕೆ ಇಳಿಸುತ್ತಿದ್ದೆ. ತೊಡೆ ತುಂಬ ನೀಲಿ ಬರೆ.

“ಒಳಗೆ ಹೋಗೋ! ಒಳಗೆ!” ಎಂದು ಕೋಚ್ ಯತಿರಾಜ್ ಸಾರ್ ಕೂಗಿ ಕೂಗಿ ಗಂಟಲು ಹರಿದುಕೊಂಡಿದ್ದರು. ಫ್ಯಾಕ್ಟರಿಯ ಶಿಫ್ಟು ಮುಗಿಸಿ, ಮನೆಗೂ ಹೋಗದೆ ನೇರ ಶೆಡ್ಡಿಗೆ ಬರುವ ಮನುಷ್ಯ. ಅವತ್ತು ತಾಳ್ಮೆ ಸತ್ತಿತ್ತು.

“ತಂಬಿ, ನಿಂಗೆ ಭಯ ಐತೆ. ಒಪ್ಕೊಂಡ್ಬಿಡು.”

“ಭಯ ಇಲ್ಲ ಸಾರ್.”

“ಹಂಗಾದ್ರೆ ಕಾಲ್ಯಾಕೆ ಓಡುತ್ತೆ? ಕಾಲಿಗೆ ಬೇರೆ ಯಜಮಾನ ಅವ್ನಾ?”

ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಭಾನುವಾರ ಕೃಷ್ಣಗಿರಿಯಲ್ಲಿ ಜಿಲ್ಲಾ ಆಯ್ಕೆ. ಒಂದೊಂದು ತೂಕದ ವರ್ಗಕ್ಕೆ ಒಬ್ಬನೇ ರಾಜ್ಯಮಟ್ಟಕ್ಕೆ ಹೋಗುವುದು. ನನ್ನ ವರ್ಗದಲ್ಲಿ ಗೆಲ್ಲಬೇಕೆಂದರೆ ಸ್ನ್ಯಾಚ್‌ನಲ್ಲಿ ತೊಂಬತ್ತು ಬೇಕೇ ಬೇಕು. ಇಡೀ ಜಿಲ್ಲೆಯಲ್ಲಿ ನನ್ನಷ್ಟು ಎಳೆಯುವವನಿಲ್ಲ, ಆದರೂ ಒಂದು ಕಾಲಿಗಾಗಿ ನಾನು ಮನೆಯಲ್ಲಿ ಕೂರಬೇಕು. ಭಯವಂತೆ! ಹನ್ನೊಂದು ಆಳು ಹಿಡಿಯುವ ಕಲ್ಲನ್ನು ದಿನಾ ಹಿಡಿಯುವವನಿಗೆ ಈ ಕಬ್ಬಿಣದ ಕೋಲನ್ನು ಕಂಡರೆ ಭಯವಂತೆ!

ಇನ್ನೊಮ್ಮೆ ಎಳೆದೆ. ಕಾಲು ಓಡಿತು. ತೊಡೆಯ ಮೇಲೆ ತಡೆದು, ಸದ್ದಾಗದಂತೆ ಇಳಿಸಿದೆ.

ಪಕ್ಕದಲ್ಲಿ ಬೆಲ್ಟು ಬಿಗಿಯುತ್ತಿದ್ದ ಸುಷ್ಮಾ ತಡೆಯಲಾರದೆ ನಕ್ಕಳು. ಹಾಸನದ ಕಡೆಯ ಹುಡುಗಿ, ಅಪ್ಪ ಇಲ್ಲಿಯ ಫ್ಯಾಕ್ಟರಿಗೆ ಬಂದವರು. ಬಾಯಿ ಜೋರು, ಎತ್ತುವುದೂ ಜೋರು.

“ಕಿಟ್ಟಣ್ಣ, ಅದೇನು ಮೊಟ್ಟೆ ಟ್ರೇನಾ? ಎಷ್ಟು ನಾಜೂಕಾಗಿ ಇಳಿಸ್ತೀರಾ!”

“ಮತ್ತೇನ್ ಮಾಡ್ಬೇಕು?”

“ಬಿಸಾಕಿ. ಆಗ್ಲಿಲ್ಲ ಅಂದ್ರೆ ಬಿಸಾಕಿ ಆಚೆ ಬನ್ನಿ. ರಬ್ಬರ್ ಪ್ಲೇಟು ಅಣ್ಣ, ಬೀಳೋಕೇ ಮಾಡಿರೋದು.”

ಬೀಳೋಕೇ ಮಾಡಿರೋದು! ಅಂಥ ವಸ್ತು ಲೋಕದಲ್ಲಿ ಇದೆಯೆಂದು ನನಗೆ ಯಾರೂ ಹೇಳಿರಲಿಲ್ಲ. ಅವರೆಲ್ಲ ಬಿಸಾಕುವುದನ್ನು ದಿನವೂ ನೋಡುತ್ತಿದ್ದೆ. ನೋಡಿ, ಕೊಬ್ಬು ಇವರಿಗೆ ಎಂದುಕೊಳ್ಳುತ್ತಿದ್ದೆ. ಶೆಡ್ಡಿಗೆ ಸೇರಿದ ದಿನದಿಂದ ನಾನು ಒಂದು ಸಲವೂ ಭಾರ ಬಿಸಾಕಿರಲಿಲ್ಲ.

ಸೂಳಗಿರಿ ದಾಟಿ ಒಳಗೆ ಹೋದರೆ ಸಿಗುವ ಗ್ರಾನೈಟ್ ಅಂಗಳದಲ್ಲಿ ನನ್ನ ಕೆಲಸ. ಪಾಲಿಶ್ ಆದ ಚಪ್ಪಡಿಗಳನ್ನು ಲಾರಿಗೆ ಏರಿಸುವ ಗ್ಯಾಂಗು. ಅಲ್ಲಿ ಎರಡೇ ಕಾನೂನು. ಒಂದನ್ನು ಮೇಸ್ತ್ರಿ ಆವುಲಪ್ಪ ಕಲಿಸುತ್ತಾನೆ: ಕೈ ಬಿಡಬಾರದು. ಚಪ್ಪಡಿ ಒಡೆದರೆ ಮಾರನೇ ದಿನ ಇಡೀ ಗ್ಯಾಂಗು ಗೇಟಿನ ಹೊರಗೆ. ಇನ್ನೊಂದನ್ನು ಹಳೇ ಆಳುಗಳು ಕಿವಿಯಲ್ಲಿ ಹೇಳಿಕೊಡುತ್ತಾರೆ: ಒಂದು ಕಾಲು ಯಾವಾಗಲೂ ಹೊರಗಿರಲಿ, ಕಲ್ಲು ಜಾರಿದರೆ ಜಿಗಿಯೋಕೆ. ಕೈ ಹಿಡಿದಿರಬೇಕಂತೆ, ಕಾಲು ಓಡಬೇಕಂತೆ. ಎರಡೂ ಒಟ್ಟಿಗೆ ಹೇಗೆ ಆಗುತ್ತದೆಂದು ಯಾವನೂ ಕೇಳುವುದಿಲ್ಲ. ನನ್ನ ಮೈ ಎರಡನ್ನೂ ಕಲಿತಿತ್ತು.

ಆ ಗ್ಯಾಂಗಿನಲ್ಲಿ ನನ್ನ ಜಾಗ ಮೊದಲು ನಮ್ಮಪ್ಪ ಮುನಿಯಲ್ಲಪ್ಪನದು. ಒಂದು ಮಳೆಯ ದಿನ ಮರದ ಬೆಣೆ ಜಾರಿ ಚಪ್ಪಡಿ ವಾಲಿತು. ಆವುಲಪ್ಪ “ಬಿಡ್ಬ್ಯಾಡ್ರಲಾ!” ಎಂದು ಕೂಗಿದ. ಮಿಕ್ಕವರು ಜಿಗಿದರು. ಅಪ್ಪ ಎರಡೂ ಕಾಲು ಊರಿ, ಭುಜ ಕೊಟ್ಟು ನಿಂತ. ಜಾಕಿ ತರುವವರೆಗೂ ನಿಂತೇ ಇದ್ದ. ಕಲ್ಲು ಉಳಿಯಿತು, ಅದರ ಅಂಚಿನಡಿ ಜಜ್ಜಿಹೋದ ಬಲ ಪಾದ ಮತ್ತೆ ಕೆಲಸಕ್ಕೆ ಬರಲಿಲ್ಲ. ಓನರು ಆಸ್ಪತ್ರೆಗೆ ಬಂದು ಹಾರ ಹಾಕಿ ಫೋಟೋ ತೆಗೆಸಿಕೊಂಡು ಹೋದ. ನಾನು ಒಂಬತ್ತನೇ ಕ್ಲಾಸು ಬಿಟ್ಟು ಗ್ಯಾಂಗಿಗೆ ಸೇರಿದೆ. ಅಪ್ಪ ಇವತ್ತಿಗೂ ಮನೆಗೆ ಬಂದವರಿಗೆಲ್ಲ ಹೇಳುತ್ತಾನೆ: “ಎಲ್ರೂ ಬಿಟ್ಬುಟ್ರು, ನಾನ್ ಬಿಡ್ಲಿಲ್ಲ.”

ಇದನ್ನೆಲ್ಲ ಯತಿರಾಜ್ ಸಾರ್‌ಗೆ ಹೇಳಿದೆ. ಹೇಳಿದ್ದಲ್ಲ, ಕಿರುಚಿದೆ. ಭಯ ಎಂದರಲ್ಲ, ಆ ಸಿಟ್ಟಿಗೆ. ಅವರು ಕೇಳಿಸಿಕೊಂಡರು. ಕೆನ್ನೆ ಕೆರೆದುಕೊಂಡರು.

“ಸರಿ. ಇವತ್ತಿಂದ ಎತ್ತೋದೇ ಬೇಡ. ಬರೀ ಬಿಸಾಕು.”

ರಾಡನ್ನು ತಲೆಯ ಮೇಲೆ ಹಿಡಿದು ಪೂರ್ತಿ ಕೂರಬೇಕು. ಕೂತಲ್ಲಿಂದ ಅದನ್ನು ಹಿಂದಕ್ಕೆ ಬಿಟ್ಟು ತಾನು ಮುಂದಕ್ಕೆ ಹಾರಬೇಕು, ಇಲ್ಲವೇ ಮುಂದಕ್ಕೆ ತಳ್ಳಿ ಹಿಂದಕ್ಕೆ ಸರಿಯಬೇಕು. ಅಷ್ಟೇ ಆಟ. ಸುಷ್ಮಾ ಮಾಡಿ ತೋರಿಸಿದಳು. ಧಡಾರ್! ಕಪ್ಪೆಯಂತೆ ಮುಂದಕ್ಕೆ ಹಾರಿ ನಿಂತು ಕೈ ತಟ್ಟಿಕೊಂಡಳು.

ಹಗುರ ಭಾರ ಹಾಕಿಕೊಂಡು ಕೂತೆ. “ಬಿಡು” ಎಂದರು ಸಾರ್. ಬೆರಳು ಬಿಚ್ಚಲಿಲ್ಲ. ಸುಳ್ಳಲ್ಲ, ನನ್ನದೇ ಬೆರಳು ನನ್ನ ಮಾತು ಕೇಳಲಿಲ್ಲ. ಕೂತೇ ಇದ್ದೆ. ಬೆವರು ಕಣ್ಣಿಗಿಳಿಯಿತು.

“ಬಿಡೋ!”

“ಆಯ್ತಿಲ್ಲ ಸಾರ್!”

“ಏನಾಗುತ್ತೆ ಬಿಟ್ರೆ?”

ಏನಾಗುತ್ತೆ? ಏನೂ ಆಗುವುದಿಲ್ಲ. ಒಡೆಯುವ ಕಲ್ಲಿಲ್ಲ. ಗೇಟಿಲ್ಲ. ಆ ಬೋಳಿಮಗ ಆವುಲಪ್ಪನೂ ಇಲ್ಲ. ಯಾರ ಕಲ್ಲಿಗೆ ಯಾರ ಕಾಲು? ಬಾಯಿಗೆ ಬಂದದ್ದನ್ನು ಬೈದು ರಾಡನ್ನು ಹಿಂದಕ್ಕೆ ಎಸೆದೆ. ನೆಲ ಅದುರಿತು. ಪ್ಲೇಟು ಪುಟಿದು, ಇನ್ನೊಮ್ಮೆ ಪುಟಿದು, ಉರುಳಿ ಗೋಡೆಗೆ ತಾಗಿ ನಿಂತಿತು. ನಾನು ಮುಂದೆ, ಮಂಡಿಯೂರಿ, ಇಡಿಯಾಗಿ ಇದ್ದೆ.

“ಇನ್ನೊಂದ್ಸಲ,” ಅಂದೆ. ಸಾರ್ ಹೇಳುವ ಮೊದಲೇ.

ಅವತ್ತು ಕತ್ತಲಾಗುವವರೆಗೆ ಬಿಸಾಕಿದೆ. ಮಾರನೇ ದಿನವೂ, ಅದರ ಮಾರನೇ ದಿನವೂ. ಪಕ್ಕದ ಪಂಕ್ಚರ್ ಅಂಗಡಿಯವನು ಬಂದು, ಗೋಡೆ ಬಿರುಕು ಬಿಡುತ್ತದೆಂದು ತೆಲುಗಿನಲ್ಲಿ ಬೈದು ಹೋದ. ಬೈದಷ್ಟೂ ನನಗೆ ಹುರುಪು. ಭಾರ ಏರಿಸುತ್ತ ಹೋದೆ. ಬಿಸಾಕಲು ಬರುತ್ತದೆಂದು ಕೈಗೆ ತಿಳಿದ ಮೇಲೆ ಕಾಲು ಸ್ವಲ್ಪ ಸ್ವಲ್ಪವೇ ನಿಲ್ಲತೊಡಗಿತು. ಎಲ್ಲ ಸಲ ಅಲ್ಲ. ತೊಂಬತ್ತಕ್ಕೆ ಇನ್ನೂ ಓಡುತ್ತಿತ್ತು.

ಅಪ್ಪನಿಗೆ ಸುದ್ದಿ ಮುಟ್ಟಿತು. ಊಟಕ್ಕೆ ಕೂತಾಗ ಕೇಳಿದ.

“ಅಲ್ಲಿ ಬಿಸಾಕೋದ ಕಲಿಸ್ತಾರಂತೆ? ಅದೂ ಒಂದು ವಿದ್ಯೆನೇನ್ಲಾ?”

“ಹೂಂ, ವಿದ್ಯೆನೇ.”

“ಗಂಡಸಾದೋನು ಹಿಡಿದಿದ್ದ ಬಿಡ್ತಾನಾ? ನಾನು...”

“ನೀನು ಬಿಟ್ಟಿದ್ರೆ ಕಾಲಿರ್ತಿತ್ತು!”

ಅಮ್ಮ ಹನುಮಕ್ಕ ಸಾರಿನ ಸೌಟು ಹಿಡಿದು ಹಾಗೇ ನಿಂತಳು. ಅಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿದ. ನಾನು ತಟ್ಟೆ ಬಿಟ್ಟು ಎದ್ದೆ. ಹೇಳಿದ್ದು ತಪ್ಪೆಂದು ಅನ್ನಿಸಲಿಲ್ಲ. ಯಾರಾದರೂ ಹೇಳಲೇಬೇಕಿತ್ತು.

ಭಾನುವಾರ ಕೃಷ್ಣಗಿರಿಯ ಒಂದು ಕಲ್ಯಾಣ ಮಂಟಪದಲ್ಲಿ ಸ್ಪರ್ಧೆ. ಮದುವೆಯ ವೇದಿಕೆಯ ಮೇಲೆ ಹಲಗೆ ಹಾಸಿದ್ದರು. ಒಬ್ಬೊಬ್ಬನಿಗೆ ಸ್ನ್ಯಾಚ್‌ನಲ್ಲಿ ಮೂರು ಅವಕಾಶ. ಮೂರೂ ತಪ್ಪಿದರೆ ಮುಂದಿನ ಸುತ್ತೇ ಇಲ್ಲ, ಗಂಟು ಕಟ್ಟಿಕೊಂಡು ಮನೆಗೆ.

“ಮೊದಲು ಎಂಬತ್ತು ಬರೆಸ್ತೀನಿ. ನಿಂತೇ ಎತ್ತು. ಆಮೇಲೆ ನೋಡೋಣ,” ಎಂದರು ಸಾರ್.

“ತೊಂಬತ್ತು ಬರೆಸಿ.”

“ಹುಚ್ಚಾ ನಿಂಗೆ? ಮೂರೂ ಹೋದ್ರೆ?”

“ಎಂಬತ್ತು ಎತ್ತಿ ಸೋಲೋಕೆ ಬಸ್ ಹತ್ತಿ ಬಂದಿಲ್ಲ ಸಾರ್. ನಿಂತು ಎತ್ತೋದು ಒಂದ್ಸಲ ಮಾಡಿದ್ರೆ ಕಾಲು ಮತ್ತೆ ಅದನ್ನೇ ಕೇಳುತ್ತೆ. ತೊಂಬತ್ತೇ ಬರೆಸಿ.”

ಅವರು ನನ್ನ ಮುಖ ನೋಡಿದರು. ತಮಿಳಿನಲ್ಲಿ ಏನೋ ಗೊಣಗಿ ಬರೆಸಿದರು.

ಮೊದಲ ಸಲ ಕಾಲು ಓಡಿತು. ರಾಡು ಮುಂದೆ ಬಿತ್ತು. ಬೀಳಲಿ ಎಂದು ಬಿಟ್ಟೆ, ತೊಡೆಗೆ ತೆಗೆದುಕೊಳ್ಳಲಿಲ್ಲ. ಕೆಳಗಿಳಿದು ಬರುವಾಗ ಹಿಂದಿನ ಸಾಲಿನ ಕುರ್ಚಿಯಲ್ಲಿ ಅಪ್ಪ ಕಂಡ. ಕೋಲು ಮಂಡಿಯ ನಡುವೆ. ಬರುತ್ತೇನೆಂದು ಹೇಳಿರಲಿಲ್ಲ. ಒಂದು ಕಾಲಲ್ಲಿ ಯಾವ ಬಸ್ಸು ಹತ್ತಿ ಬಂದನೋ!

ಎರಡನೇ ಸಲ ಒಳಗೆ ಹೋದೆ. ಮೊಟ್ಟಮೊದಲ ಸಲ, ತೊಂಬತ್ತರ ಕೆಳಗೆ, ಎರಡೂ ಪಾದ ಹಲಗೆಗೆ ಅಂಟಿದಂತೆ ಕೂತಿದ್ದೆ. ಆದರೆ ಎಳೆತ ಹೆಚ್ಚಾಗಿ ರಾಡು ತಲೆಯ ಹಿಂದಕ್ಕೆ ಸರಿಯಿತು. ಭುಜ ತಿರುಚುವ ಮೊದಲೇ ಕೈ ಬಿಟ್ಟು ಮುಂದಕ್ಕೆ ಹಾರಿದೆ. ಹಿಂದೆ ಧಡಾರ್ ಎಂದಿತು. ನಾನು ವೇದಿಕೆಯ ಅಂಚಿಗೆ ಬಂದು ಬಿದ್ದೆ. ಮುಂದಿನ ಸಾಲಿನವರು ಕಿಸಕ್ಕೆಂದರು. ಒಬ್ಬ “ಪಾತ್ತು ತಂಬಿ, ಪಲ್ಲು ಪೋಯಿಡುಂ” ಎಂದು, ಹಲ್ಲು ಉದುರೀತು ಜೋಕೆ ಎನ್ನುವಂತೆ ತನ್ನ ಹಲ್ಲು ಮುಟ್ಟಿ ತೋರಿಸಿದ. ನಗಲಿ. ತೊಂಬತ್ತರ ಕೆಳಗೆ ಕೂತು ಬಂದಿದ್ದೇನೆ, ನನ್ನ ಮೈಮೇಲೆ ಒಂದು ಗೀರಿಲ್ಲ. ಇನ್ನೇನು ಮಾಡುತ್ತದೆ ಅದು ನನ್ನನ್ನು?

“ಒಂದೇ ಉಳಿದಿರೋದು,” ಎಂದರು ಸಾರ್.

“ಈ ಸಲ ಒಳಗೆ ಅಂತ ಕೂಗ್ಬೇಡಿ ಸಾರ್. ಯಾರೂ ಏನೂ ಕೂಗ್ಬೇಡಿ.”

ಅಂಗೈಗೆ ಚಾಕ್ ಪುಡಿ ಹಚ್ಚಿಕೊಂಡೆ. ಹಿಡಿದೆ. ನೆಲದಿಂದ ಎತ್ತಿದೆ, ಮಂಡಿ ದಾಟಿಸಿದೆ, ಜಾಡಿಸಿದೆ. ಬೇಡವೆನಿಸಿದರೆ ಬಿಸಾಕುತ್ತೇನೆ, ಬೇಕೆನಿಸಿದರೆ ಹಿಡಿಯುತ್ತೇನೆ, ಹೇಳುವವನು ನಾನು. ಕೂತೆ. ರಾಡು ಅಂಗೈಯಲ್ಲಿ ಬಂದು ಕೂತಿತು. ಮೊಣಕೈ ಬೀಗ ಹಾಕಿದಂತೆ ನಿಂತಿತು. ಒಂದು ಗಳಿಗೆ ಹಾಗೇ ಇದ್ದೆ, ಎದ್ದೆ, ಉಸಿರು ಬಿಡಲಿಲ್ಲ. ಇಳಿಸಬಹುದೆಂದು ತೀರ್ಪುಗಾರರು ಕೈ ಇಳಿಸಿದರು. ರಾಡನ್ನು ಭುಜದವರೆಗೆ ಹಿಡಿದು ತಂದು ಆಮೇಲೆ ಬಿಡಬೇಕೆಂಬುದು ನಿಯಮ. ಹಾಗೇ ಮಾಡಿದೆ. ಎತ್ತಿದ್ದು ಸರಿಯೆಂದು ಬಿಳಿ ದೀಪ ಮೂರೂ ಹತ್ತಿದವು. ಸುಷ್ಮಾ ಶಿಳ್ಳೆ ಹೊಡೆದದ್ದು ಇಡೀ ಮಂಟಪಕ್ಕೆ ಕೇಳಿತು.

ಭುಜಕ್ಕೆ ತಂದು ಎತ್ತುವ ಎರಡನೇ ಸುತ್ತು ನನ್ನ ಎಳೆತಕ್ಕೆ ಲೆಕ್ಕವೇ ಅಲ್ಲ. ಸಂಜೆ ಹೆಸರು ಓದಿದರು. ನನ್ನ ವರ್ಗದಲ್ಲಿ ಮುನಿಕೃಷ್ಣ ಎಂದು ನನ್ನ ಹೆಸರೇ ಇತ್ತು.

ಬಸ್ ಸ್ಟ್ಯಾಂಡಿಗೆ ಅಪ್ಪನ ಜೊತೆ ನಡೆದೆ. ಆಟೋ ಬೇಡವೆಂದ. ಕೋಲು ಊರಿ, ಆ ಕಾಲನ್ನು ಎಳೆದುಕೊಂಡು ಬಂದ.

“ಎರಡನೇ ಸಲ ಬಿಸಾಕ್ದಾಗ ಜನ ನಕ್ರಲ್ಲಾ. ನಾಚ್ಕೆ ಆಗ್ಲಿಲ್ವಾ ನಿಂಗೆ?”

“ಇಲ್ಲ.”

“ಒಂಚೂರೂ?”

“ಇಲ್ಲಪ್ಪಾ. ಯಾಕಾಗ್ಬೇಕು?”

ಅಂಗಡಿಯ ಮೆಟ್ಟಿಲ ಮೇಲೆ ಕೂತ. ಪಾದವನ್ನು ಎರಡೂ ಕೈಯಲ್ಲಿ ಎತ್ತಿ ಮುಂದಿಟ್ಟುಕೊಂಡ. ಆಮೇಲೆ, ಹಾರದ ಫೋಟೋದ ಕತೆ ಹೇಳುವಾಗ ಯಾವತ್ತೂ ಹೇಳದ ಒಂದು ಮಾತು ಹೇಳಿದ.

“ಆವುಲಪ್ಪ ಅವತ್ತು ಆಫೀಸ್ ಬಾಗ್ಲಲ್ಲಿ ನಿಂತಿದ್ದ ಕಣ್ಲಾ. ಮಳೆ ಅಂತ ಕಲ್ಲಿನತ್ರಾನೇ ಬರ್ಲಿಲ್ಲ. ಅಲ್ಲಿಂದಾನೇ ಕೂಗ್ದ. ಬೋಳಿಮಗ ಛತ್ರಿ ಬೇರೆ ಹಿಡ್ಕೊಂಡಿದ್ದ.”

ಅವನ ದವಡೆ ಬಿಗಿದಿತ್ತು. ಅಪ್ಪನಿಗೆ ಸಿಟ್ಟು ಬರುತ್ತದೆಂದು ನನಗೆ ಅವತ್ತೇ ಗೊತ್ತಾದದ್ದು.

“ನಾಳೆ ಕೆಲ್ಸಕ್ಕೆ ಹೋಗ್ತೀಯಾ?” ಕೇಳಿದ.

“ಹೋಗ್ತೀನಿ. ಕಲ್ಲು ಜಾರಿದ್ರೆ ಬಿಡ್ತೀನಿ. ಬೇರೇವ್ರಿಗೂ ಬಿಡ್ರೋ ಅಂತೀನಿ.”

“ಗೇಟಾಚೆ ನಿಲ್ಲಿಸ್ತಾನೆ ಕಣ್ಲಾ.”

“ನಿಲ್ಲಿಸ್ಲಿ. ನಿಲ್ಲೋಕೆ ಎರಡೂ ಕಾಲು ಅವೆ ನಂಗೆ.”

ಅಪ್ಪ ಬೇಡ ಅನ್ನಲಿಲ್ಲ. ಏಳಿಸು ಎಂದು ಕೈ ಚಾಚಿದ.