ಇನ್ನೊಬ್ಬ ಕಂಟ್ರೋಲರ್

"ಏಯ್ ರೋಗದವಳೇ, ಮೈಕಿನ ಮೇಲಿಂದ ಕೈ ತೆಗಿ!"

ಪೊರಕೆಯಕ್ಕ ಮೈಕಿನ ಮೇಲೆ ಕೈಯಿಟ್ಟಿರಲಿಲ್ಲ, ಒರೆಸುವ ಬಟ್ಟೆಯಿಟ್ಟಿದ್ದಳು. ಒಂಬತ್ತು ವರ್ಷದಿಂದ ಆ ಬಸ್‌ಸ್ಟ್ಯಾಂಡನ್ನು ಗುಡಿಸುತ್ತಿದ್ದವಳು ಅವಳು. ಬಸ್ಸುಗಳನ್ನು ಹೊರಡಿಸುವ ಕಂಟ್ರೋಲರ್ ಕೂರುವ ಗಾಜಿನ ಗೂಡೂ ಅವಳ ಪಾಲಿಗೇ ಬಂದಿತ್ತು. ಮೊನ್ನೆ ಅವಳ ಚೀಲದಿಂದ ಆಸ್ಪತ್ರೆಯ ಪುಸ್ತಕ ಜಾರಿ ಅವನ ಕಾಲಬುಡದಲ್ಲೇ ಬಿತ್ತು. ಅವತ್ತಿನಿಂದ ಅವನ ಮೂಗಿಗೆ ಕರವಸ್ತ್ರ ಮೆತ್ತಿಕೊಂಡಿತ್ತು.

"ಯಾರಿಗೂ ಅಂಟಲ್ಲ ಅಂತ ದೊಡ್ಡಾಸ್ಪತ್ರೆ ಚೀಟಿ ತಾ. ಇಲ್ಲಾಂದ್ರೆ ಸೋಮವಾರದಿಂದ ಈ ಕಡೆ ತಲೆ ಹಾಕಬೇಡ."

"ಅಂಟೋ ಹಾಗಿದ್ರೆ ಸಾರ್, ನಿಮ್ಮ ಕುರ್ಚಿ ಒರೆಸಿ ಒರೆಸಿ ಇಷ್ಟು ಹೊತ್ತಿಗೆ..." ಎಂದವಳು ನಾಲಿಗೆ ಕಚ್ಚಿಕೊಂಡು ಹೊರಟಳು. ಮಾತು ಮುಗಿಸಿದ್ದರೆ ಸೋಮವಾರದ ತನಕವೂ ಕೆಲಸ ಉಳಿಯುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಭಾರಿ ಮರ್ಯಾದೆ. ಅವಳಿಗಲ್ಲ, ಅವಳ ರಕ್ತಕ್ಕೆ. ದೊಡ್ಡ ಡಾಕ್ಟರು ನಾಲ್ಕು ಜನ ಅತಿಥಿಗಳನ್ನು ಕರೆತಂದು ಅವಳತ್ತ ಪೆನ್ನು ಚಾಚಿದ.

"ಹನ್ನೊಂದು ವರ್ಷದಿಂದ ಮೈಯಲ್ಲಿ ಎಚ್‌ಐವಿ ಇದೆ. ಒಂದು ಮಾತ್ರೆ ನುಂಗಿಲ್ಲ, ಆದ್ರೂ ವೈರಸ್ ತಲೆ ಎತ್ತಿಲ್ಲ. ಇಂಥವರು ನೂರಕ್ಕೊಬ್ಬರು ಸಿಗೋದೂ ಕಷ್ಟ. ಇವಳ ಜೀನಿನಲ್ಲೊಂದು ಗುರುತಿದೆ. ಸೋಂಕು ಹಿಡಿದ ಜೀವಕೋಶ ಯಾವುದು ಅಂತ ಬಿಳಿ ರಕ್ತಕಣಕ್ಕೆ ಬೇಗ ಗೊತ್ತಾಗಿಬಿಡುತ್ತೆ, ಹುಡುಕಿ ಬಡಿಯುತ್ತೆ. ಇಂಥವರನ್ನ ಕಂಟ್ರೋಲರ್ ಅಂತೀವಿ."

"ಯಾರು? ನಾನಾ ಕಂಟ್ರೋಲರ್?"

ಅತಿಥಿಗಳು ನಕ್ಕರು.

"ಹೂಂ, ನೀನೇ. ಕೈ ಕೊಡು, ಇನ್ನೂ ಮೂರು ಟ್ಯೂಬ್ ಬೇಕು."

"ಕೊಡ್ತೀನಿ ಸಾರ್. ಯಾರಿಗೂ ಅಂಟಲ್ಲ, ಕೆಲಸ ಮಾಡಬಹುದು ಅಂತ ಒಂದು ಚೀಟಿ ಬರ್ಕೊಡಿ."

"ಚೀಟಿ ನನ್ನ ಸೆಕ್ಷನ್ ಅಲ್ಲ. ಕೆಳಗಡೆ ಕೇಳು."

"ಕೆಳಗಡೆಯವರು ಮೇಲೆ ಕೇಳು ಅಂದ್ರು." ಅವಳು ತೋಳನ್ನು ಸೆರಗಿನೊಳಗೆ ಸೇರಿಸಿದಳು. "ಹಾಗಾದ್ರೆ ರಕ್ತನೂ ನನ್ನ ಸೆಕ್ಷನ್ ಅಲ್ಲ ಸಾರ್."

ಸೂಜಿ ಹಿಡಿದಿದ್ದ ನರ್ಸು ಕೆಮ್ಮು ಬಂದವಳಂತೆ ಬಾಯಿ ಮುಚ್ಚಿಕೊಂಡಳು. ಅತಿಥಿಗಳು ಗಡಿಯಾರ ನೋಡಿಕೊಂಡರು. ದೊಡ್ಡ ಡಾಕ್ಟರು ಪೆನ್ನಿನ ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿ ಕಿತ್ತ.

"ಅದನ್ನೂ ಬರೀರಿ ಸಾರ್, ಕಂಟ್ರೋಲರ್ ಅಂತ. ಸೀಲು ಚೆನ್ನಾಗಿ ಒತ್ತಿ."

ಸೋಮವಾರ ಕಂಟ್ರೋಲರ್ ಟೀ ಕುಡಿದು ಬರುವಷ್ಟರಲ್ಲಿ ಅವನ ಕುರ್ಚಿಯಲ್ಲಿ ಪೊರಕೆಯಕ್ಕ ಕೂತಿದ್ದಳು.

"ಏಳೇ ಮೇಲೆ! ಯಾವ ಬೋಳಿಮಗ ಕೂರಿಸಿದ ನಿನ್ನನ್ನ ಅಲ್ಲಿ?"

ಅವಳು ಚೀಟಿಯನ್ನು ಒಳಗಿಂದ ಗಾಜಿಗೆ ಒತ್ತಿಹಿಡಿದಳು. ಅವನು ಹೊರಗಿಂದ ಓದಿದ: "ಈಕೆಯನ್ನು ಮುಟ್ಟುವುದರಿಂದ, ಜೊತೆಯಲ್ಲಿ ಕೆಲಸ ಮಾಡುವುದರಿಂದ ಯಾರಿಗೂ ಸೋಂಕು ತಗಲುವುದಿಲ್ಲ. ಈಕೆ ಕಂಟ್ರೋಲರ್... ಥೂ, ಇದು ಬೇರೆ ಕಂಟ್ರೋಲರ್ ಕಣೇ ಮುಂಡೇದೆ!"

"ಸೀಲು ಸರ್ಕಾರದ್ದೇ ಅಲ್ವಾ ಸಾರ್?"

"ಹಿಡಿದು ಎಳೆದು ಹಾಕ್ತೀನಿ ನೋಡು!"

"ಎಳೀರಿ." ಅವಳು ಬಾಗಿಲಾಚೆಗೆ ಕೈ ಚಾಚಿದಳು. ಸೂಜಿ ಚುಚ್ಚಿದ ಜಾಗ ಇನ್ನೂ ನೀಲಿಗಟ್ಟಿತ್ತು. "ಅಂಟಲ್ಲ ಅಂತ ಈಗ ತಾನೇ ನೀವೇ ಓದಿದ್ರಲ್ಲ."

ಅವನು ಒಂದು ಹೆಜ್ಜೆ ಮುಂದಿಟ್ಟ, ಎರಡು ಹಿಂದಿಟ್ಟ. ಕರವಸ್ತ್ರ ಮತ್ತೆ ಮೂಗಿಗೇರಿತು.

ಸಾಲುಗಟ್ಟಿದ ಬಸ್ಸುಗಳು ಹಾರ್ನ್ ಬಾರಿಸತೊಡಗಿದವು. ಪೊರಕೆಯಕ್ಕ ಮೈಕಿನ ಗುಂಡಿ ಒತ್ತಿದಳು. ಈ ಸಲ ಬಟ್ಟೆಯಿರಲಿಲ್ಲ, ಬರಿಗೈ.

"ಕಂಟ್ರೋಲರ್ ಮಾತಾಡ್ತಿರೋದು. ಮೂರನೇ ನಂಬರ್ ಬಸ್ಸು ಹೊರಡ್ಲಿ."

ಮೂರನೇ ನಂಬರಿನ ಮೀಸೆ ಡ್ರೈವರ್ ಗಾಜಿನ ಗೂಡನ್ನು ನೋಡಿದ, ಹೊರಗೆ ನಿಂತ ಕರವಸ್ತ್ರವನ್ನು ನೋಡಿದ, ಗೇರು ಹಾಕಿದ.