ಲ್ಯಾಮಿನೇಷನ್ ಮಾಡಿಸಿದ ಚೀಟಿ

ಔಷಧಿ ಚೀಟಿಗೆ ಯಾರಾದರೂ ಲ್ಯಾಮಿನೇಷನ್ ಮಾಡಿಸುತ್ತಾರೆಯೇ! ಮಾಧವೀಲತಾ ಅದನ್ನು ಮೇಜಿನ ಮೇಲಿಟ್ಟಾಗ ಹೇಮಾಕ್ಷಿಗೆ ಮೊದಲು ನಗು ಬಂತು. ಓದಿದ ಮೇಲೆ ನಗು ನಿಂತಿತು. ಎಂಟು ತಿಂಗಳ ಹಿಂದಿನ ತಾರೀಖು. ಟ್ರಮಡಾಲ್, ಚಟ ಹಿಡಿಸುವ ನೋವಿನ ಮಾತ್ರೆ, ದಿನಕ್ಕೆ ಮೂರು. ಎಷ್ಟು ದಿನ ಅನ್ನುವ ಜಾಗ ಖಾಲಿ. ಕೆಳಗೆ ಅವಳದೇ ರುಜು.

ಹೇಮಾಕ್ಷಿ ದಾವಣಗೆರೆಯವಳು. ವಿಜಯವಾಡದ ಆಟೋನಗರ್‌ನಲ್ಲಿ ದುರ್ಗಾಪ್ರಸಾದ್ ಅವರ ಹಲ್ಲಿನ ಕ್ಲಿನಿಕ್ಕಿಗೆ ಕಿರಿಯ ಡಾಕ್ಟರಾಗಿ ಸೇರಿ ಎರಡು ವರ್ಷವಾಗಿತ್ತು. ಮಾಧವೀಲತಾ ಬಳ್ಳಾರಿ ಕಡೆಯಿಂದ ಇಲ್ಲಿಗೆ ಸೊಸೆಯಾಗಿ ಬಂದವಳು. ಗಂಡ ಬಾಬ್ಜಿ ಲಾರಿ ಬಾಡಿ ಕಟ್ಟುವ ಶೆಡ್ಡಿನಲ್ಲಿ ವೆಲ್ಡರ್. ಫ್ಯಾನಿನ ಕೆಳಗೇ ನಿಂತಿದ್ದರೂ ಅವನ ಅಂಗಿ ಬೆವರಿನಿಂದ ಒದ್ದೆ, ಕೈ ಗಡಗಡ.

"ಗ್ರೀಸ್ ಕೈಯಾಗ ಹರಿದೋಗ್ತೈತಿ ಅಂತ ಮಾಡ್ಸಿದ್ವಿ ಮೇಡಂ" ಎಂದಳು ಮಾಧವೀಲತಾ. "ತೋರಿಸಿದ್ರ ಮೆಡಿಕಲ್ ಶಾಪಿನಾಗ ಕೊಡ್ತಿದ್ರು. ಈಗ ಹೊಸಬ ಬಂದಾನ, ಹೊಸ ಚೀಟಿ ಬೇಕಂತಾನ. ಎರಡು ದಿನ ಆತು, ಇವ್ರು ಉಂಡಿಲ್ಲ, ಮಲಗಿಲ್ಲ. ಒಂದು ಬರ್ಕೊಡ್ರಿ."

"ದಿನಕ್ಕೆ ಎಷ್ಟು ನುಂಗ್ತಾರೆ?"

"ಹತ್ತು. ಒಮ್ಮೊಮ್ಮೆ ಹನ್ನೆರಡು."

"ಅಯ್ಯೋ ದೇವರೇ! ಹಲ್ಲು ಇನ್ನೂ ನೋಯುತ್ತಾ?"

"ಹಲ್ಲೆಲ್ಲೈತಿ ಮೇಡಂ? ಅವತ್ತೇ ಕಿತ್ರಲ್ಲ ದೊಡ್ಡ ಡಾಕ್ಟ್ರು. ಹೋದ ತಿಂಗಳು ವೆಲ್ಡಿಂಗ್ ಮಾಡ್ತಾ ಮಾಡ್ತಾ ಫಿಟ್ಸ್ ಬಂದು ಬಿದ್ರು, ನೋಡ್ರಿ" ಎಂದು ಗಂಡನ ಹಣೆಯ ಹೊಲಿಗೆ ತೋರಿಸಿದಳು. ಇನ್ನೊಮ್ಮೆ ಹಾಗೆ ಬಿದ್ದರೆ ಬಾಬ್ಜಿ ಏಳುತ್ತಾನೆಂದು ಯಾರು ಹೇಳಬಲ್ಲರು?

ಹೇಮಾಕ್ಷಿಗೆ ಎಲ್ಲ ನೆನಪಾಯಿತು. ಎಂಟು ತಿಂಗಳ ಹಿಂದೆ ತಂಗಿಯ ಮದುವೆಗೆಂದು ನಾಲ್ಕು ದಿನ ಊರಿಗೆ ಹೊರಟಾಗ ದುರ್ಗಾಪ್ರಸಾದ್ ಅವಳ ಹೆಸರಿನ ಖಾಲಿ ಚೀಟಿಗಳ ಕಟ್ಟು ಮುಂದಿಟ್ಟು, "ರುಜು ಹಾಕಿಟ್ಟು ಹೋಗಮ್ಮಾ, ಪೇಷಂಟುಗಳು ನರಳಬಾರದಲ್ಲ" ಎಂದಿದ್ದರು. ಊರಿಗೆ ಹೋಗುವ ಖುಷಿಯಲ್ಲಿ ಇವಳು ಕೂತಲ್ಲೇ ಗೀಚಿ ಎದ್ದಿದ್ದಳು. ಆಮೇಲೂ ರಜೆ ಸಿಕ್ಕಾಗಲೆಲ್ಲ ಅದೇ ಪದ್ಧತಿ. ಹಲ್ಲು ಕಿತ್ತವರು ಅವರು, ಮಾತ್ರೆ ಬರೆದವರೂ ಅವರು, ರುಜು ಮಾತ್ರ ಇವಳದು. ಎಂಥ ಜಾಣತನ! ಥೂ, ತನ್ನದು ಅದಕ್ಕಿಂತ ದೊಡ್ಡ ದಡ್ಡತನ.

ಪಿತ್ತ ನೆತ್ತಿಗೇರಿತು. ಚೀಟಿ ಹಿಡಿದು ಒಳಗಿನ ಕೋಣೆಗೆ ನುಗ್ಗಿದಳು.

"ಏನ್ ಸಾರ್ ಇದು? ಒಂದು ಹಲ್ಲು ಕಿತ್ತಿದ್ದಕ್ಕೆ ಐಬುಪ್ರೊಫೆನ್, ಪ್ಯಾರಸಿಟಮಾಲ್ ಎರಡು ಮೂರು ದಿನ ಕೊಟ್ಟಿದ್ರೆ ಸಾಕಾಗ್ತಿತ್ತು. ನೆಗಡಿ ಬಂತು ಅಂತ ಮೂಗೇ ಕೊಯ್ದಿದೀರಲ್ಲ!"

ದುರ್ಗಾಪ್ರಸಾದ್ ಫೋನಿನಿಂದ ತಲೆಯನ್ನೂ ಎತ್ತಲಿಲ್ಲ. ತೆಲುಗಿನಲ್ಲಿ ತಣ್ಣಗೆ ಹೇಳಿದರು: "ಆಟೋನಗರ್‌ನವರು ಮಾರನೇ ದಿನವೇ ಕೆಲಸಕ್ಕೆ ಹೋಗಬೇಕಮ್ಮಾ. ನೋವು ಅಂತ ವಾಪಸ್ ಬಂದರೆ ಕ್ಲಿನಿಕ್ಕಿಗೆ ಕೆಟ್ಟ ಹೆಸರು. ಇನ್ನೊಂದು ಬರೆದುಕೊಟ್ಟು ಕಳಿಸು. ರುಜು ನಿನ್ನದೇ ತಾನೇ?"

ಹೇಮಾಕ್ಷಿ ಅವರ ಮೇಜಿನ ಡ್ರಾಯರ್ ಎಳೆದಳು. ಹೋದ ರಜೆಯಲ್ಲಿ ಅವಳು ರುಜು ಹಾಕಿಟ್ಟ ಖಾಲಿ ಚೀಟಿಗಳು ಇನ್ನೂ ಅಲ್ಲೇ ಇದ್ದವು. ಒಟ್ಟಿಗೆ ಹಿಡಿದು ಪರಪರ ಹರಿದಳು.

"ಹೌದು ಸಾರ್, ನಂದೇ. ಅದಕ್ಕೇ ಹರೀತಿದೀನಿ."

"ನಾಳೆಯಿಂದ ಬರಬೇಡ" ಎಂದರು ಅವರು.

"ನಾಳೆ ಯಾಕೆ, ಈಗಲೇ ಹೊರಟೆ. ಈ ಚೀಟಿ ನನ್ನ ಜೊತೆ ಬರುತ್ತೆ. ಯಾರಿಗೆ ತೋರಿಸ್ಬೇಕೋ ಅವರಿಗೆಲ್ಲ ತೋರಿಸ್ತೀನಿ, ನನ್ನ ತಪ್ಪನ್ನೂ ಸೇರಿಸಿ."

ಹೊರಗೆ ಬಂದಾಗ ಬಾಬ್ಜಿ ಹಳೇ ಚೀಟಿಗೆ ಕೈ ಚಾಚಿದ. "ಅದು ನಂದು ಮೇಡಂ, ಕೊಟ್ಟುಬಿಡಿ" ಎಂದು ಮಗುವಿನ ಹಾಗೆ ಅತ್ತ. ಅವನ ಮೇಲೆ ಸಿಟ್ಟು ಮಾಡಲು ಹೇಮಾಕ್ಷಿಗೆ ಮುಖವೇ ಇರಲಿಲ್ಲ. ನಿಂತಲ್ಲೇ ಸರ್ಕಾರಿ ಆಸ್ಪತ್ರೆಯಲ್ಲಿ ಚಟ ಬಿಡಿಸುವ ಮನೋರೋಗ ವಿಭಾಗಕ್ಕೆ ಪತ್ರ ಬರೆದಳು: ದಿನಕ್ಕೆ ಹತ್ತು ಹನ್ನೆರಡು ಮಾತ್ರೆ, ಒಮ್ಮೆ ಫಿಟ್ಸ್ ಬಂದಿದೆ, ಎರಡು ದಿನದಿಂದ ಮಾತ್ರೆ ಇಲ್ಲ, ಈಗಲೇ ದಾಖಲು ಮಾಡಿಕೊಳ್ಳಿ. ಕೊನೆಯಲ್ಲಿ, ಇದು ಶುರುವಾದದ್ದು ನನ್ನ ರುಜುವಿನಿಂದ ಎಂದು ಸೇರಿಸಿದಳು. ಆಟೋ ಕರೆದು ಇಬ್ಬರನ್ನೂ ಹತ್ತಿಸಿ ತಾನೂ ಹತ್ತಿದಳು.

ಮಾಧವೀಲತಾ ಪತ್ರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಬೆಂಜ್ ಸರ್ಕಲ್ ದಾಟುವಾಗ ಮೆಲ್ಲಗೆ ಕೇಳಿದಳು: "ಇದಕ್ಕೂ ಲ್ಯಾಮಿನೇಷನ್ ಮಾಡಿಸ್ಲೇನ್ರಿ ಮೇಡಂ?"

"ಬೇಡ ತಾಯಿ" ಎಂದಳು ಹೇಮಾಕ್ಷಿ. "ಡಾಕ್ಟರ್ ಕೊಟ್ಟ ಚೀಟಿ ಕೆಲಸ ಮುಗಿದ ಮೇಲೆ ಹರಿದುಹೋಗ್ಬೇಕು."